ಟ್ರಾನ್ಸಿಸ್ಟರ್ ಯಾವ ವಲಯದಲ್ಲಿದೆ? ಬಯಾಸ್ ಸರ್ಕ್ಯೂಟಿನ ದೋಷ ಹುಡುಕುವ ಕ್ರಮ

ತುಳುನಾಡಿನಲ್ಲಿ ಆಟದ ಋತು ಮುಗಿಯುವ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಆಟಕ್ಕೆ ತಿರುಗಿದ ಮೈಕ್‌ಸೆಟ್ಟುಗಳೂ ಮೂಲೆ ಸೇರುತ್ತವೆ. ಆಮೇಲೆ ಮಳೆಗಾಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಂಗಳೂರು, ಉಡುಪಿಯಲ್ಲಿ ಮುಚ್ಚಿದ ಕೋಣೆಯೊಳಗೂ ತೇವ ಉಂಟು, ಸಮುದ್ರದ ಕಡೆಯಿಂದ ಬರುವ ಗಾಳಿಯಲ್ಲಿ ಉಪ್ಪೂ ಉಂಟು. ದೀಪಾವಳಿ ಹೊತ್ತಿಗೆ ಸೆಟ್ಟು ಹೊರಗೆ ತೆಗೆದಾಗ ಒಂದರಲ್ಲಿ ಸ್ವರ ಒಡೆಯುತ್ತದೆ, ಇನ್ನೊಂದರಲ್ಲಿ ಸ್ವರವೇ ಬರುವುದಿಲ್ಲ. ಮಳೆಗಾಲದ ನಡುವೆ ರಿಪೇರಿಗೆ ಬರುವುದು ಹೆಚ್ಚಾಗಿ ಟಾಂಕಿಯ ನೀರಿನ ಮಟ್ಟ ನೋಡುವ ಪೆಟ್ಟಿಗೆಗಳು.

ಎರಡರಲ್ಲೂ ಮೊದಲು ಕಳಚಿ ಬರುವುದು ಟ್ರಾನ್ಸಿಸ್ಟರ್. ಎರಡು ರೂಪಾಯಿಯ ಭಾಗ, ಬದಲಾಯಿಸಿ ನೋಡೋಣ ಎಂಬ ಲೆಕ್ಕ. ನಾನು ಇದನ್ನು ಒಪ್ಪುವುದಿಲ್ಲ. ಹೊಸ ಟ್ರಾನ್ಸಿಸ್ಟರ್ ಹಾಕಿದ ಮೇಲೂ ತೊಂದರೆ ಹಾಗೇ ಉಳಿದರೆ ಕೈಯಲ್ಲಿ ಒಂದು ಸುಳಿವೂ ಇರುವುದಿಲ್ಲ, ತೇವದಿಂದ ಮೊದಲೇ ಸೊರಗಿದ ಬೋರ್ಡಿನ ತಾಮ್ರದ ಗೆರೆ ಬೇರೆ ಎದ್ದು ಬಂದಿರುತ್ತದೆ. ಟ್ರಾನ್ಸಿಸ್ಟರ್ ಕಟಾಫ್‌ನಲ್ಲಿದೆಯೋ (ಕರೆಂಟ್ ಬಂದ್), ಆಕ್ಟಿವ್ ವಲಯದಲ್ಲಿದೆಯೋ (ಬೇಸ್ ಕರೆಂಟಿಗೆ ತಕ್ಕಷ್ಟು ಕರೆಂಟ್), ಸ್ಯಾಚುರೇಶನ್‌ಗೆ ಹೋಗಿದೆಯೋ (ಪೂರ್ತಿ ಆನ್) ಎಂಬುದನ್ನು ತೀರ್ಮಾನಿಸುವುದು ಅದಕ್ಕೆ ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗಲೂ ಇರುವ ವೋಲ್ಟೇಜ್, ಕೊಡುವ ಸುತ್ತಲಿನ ರೆಸಿಸ್ಟರುಗಳು. ಹಾಗಾಗಿ ಅದು ಇರಬೇಕಾದ ವಲಯ ಬಿಟ್ಟು ಬೇರೆ ಕಡೆ ಇದೆ ಎಂದಾದರೆ, ಯಾವ ರೆಸಿಸ್ಟರ್ ಕೈಕೊಟ್ಟಿದೆ ಎಂಬುದು ಆ ಅಳತೆಯಲ್ಲೇ ಬರೆದಿರುತ್ತದೆ. ಸೋಲ್ಡರಿಂಗ್ ಐರನ್ ಬಿಸಿಗಿಡುವ ಮೊದಲು ಅದನ್ನು ಓದಿಕೊಳ್ಳಬೇಕು.

ಮೂರು ಅಳತೆ, ಎರಡು ಕಳೆಯುವ ಲೆಕ್ಕ

ಮೈಕ್ ಕಿತ್ತಿಡಿ, ಸಿಗ್ನಲ್ ಇರಬಾರದು. ಮೀಟರಿನ ಕಪ್ಪು ವಯರು ಗ್ರೌಂಡಿಗೆ. ಮೊದಲು ಸಪ್ಲೈ ನೋಡಿ. 12 ವೋಲ್ಟ್ ಇರಬೇಕಾದಲ್ಲಿ 9 ಇದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಆಮೇಲೆ ಟ್ರಾನ್ಸಿಸ್ಟರಿನ ಕಾಲುಗಳಾದ ಬೇಸ್, ಎಮಿಟರ್, ಕಲೆಕ್ಟರ್ ಮೂರನ್ನೂ ಗ್ರೌಂಡಿನಿಂದಲೇ ಅಳೆದು ಕಾಗದದಲ್ಲಿ ಬರೆಯಿರಿ. ಬೇಸಿನಿಂದ ಎಮಿಟರ್ ಕಳೆಯಿರಿ, ಕಲೆಕ್ಟರಿನಿಂದ ಎಮಿಟರ್ ಕಳೆಯಿರಿ.

ಎನ್‌ಪಿಎನ್ ಸಿಲಿಕಾನ್ ಟ್ರಾನ್ಸಿಸ್ಟರಿಗೆ ಬೇಸ್-ಎಮಿಟರ್ 0.5 ವೋಲ್ಟಿಗಿಂತ ಕೆಳಗಿದ್ದರೆ ಕಟಾಫ್ ಎಂದು ಹಿಡಿಯಬಹುದು. 0.6ರಿಂದ 0.7ರಷ್ಟಿದ್ದು, ಕಲೆಕ್ಟರ್-ಎಮಿಟರ್ ನಡುವೆ ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ಆಕ್ಟಿವ್. ಬೇಸ್-ಎಮಿಟರ್ ಅಷ್ಟೇ ಇದ್ದು, ಕಲೆಕ್ಟರ್-ಎಮಿಟರ್ 0.2ರ ಆಸುಪಾಸಿಗೆ ಇಳಿದಿದ್ದರೆ ಸ್ಯಾಚುರೇಶನ್. ಬೇಸ್-ಎಮಿಟರ್ 0.7 ಬಂದ ಕೂಡಲೇ "ಟ್ರಾನ್ಸಿಸ್ಟರ್ ಸರಿ ಉಂಟು" ಎಂದು ಮುಂದೆ ಹೋಗುವವರು ಬಹಳ. ಆ 0.7 ಆಕ್ಟಿವ್‌ನಲ್ಲೂ ಸ್ಯಾಚುರೇಶನ್‌ನಲ್ಲೂ ಬರುತ್ತದೆ. ಎರಡನ್ನೂ ಬೇರ್ಪಡಿಸುವುದು ಕಲೆಕ್ಟರ್-ಎಮಿಟರ್ ವೋಲ್ಟೇಜ್ ಮಾತ್ರ.

ಇದಕ್ಕೆ ಜತೆಯಾಗಿ ಕಾಗದದ ಲೆಕ್ಕ ಬೇಕು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ ಕ್ರಮ ಒಳ್ಳೆಯದೇ: ಟ್ರಾನ್ಸಿಸ್ಟರ್ ಆಕ್ಟಿವ್‌ನಲ್ಲಿದೆ ಎಂದು ಮೊದಲು ಊಹಿಸಿ, ಲೆಕ್ಕ ಹಾಕಿ, ಉತ್ತರ ಸಾಧ್ಯವಿಲ್ಲದ್ದು ಬಂದರೆ ಊಹೆ ಬಿಟ್ಟುಬಿಡಿ. ಪರೀಕ್ಷೆ ಮುಗಿದ ಮೇಲೆ ಅದನ್ನು ರಿಪೇರಿಯ ಮೇಜಿಗೆ ತರುವವರು ಕಡಿಮೆ. ಆದರೆ ಅದರ ನಿಜವಾದ ಬೆಲೆ ತಿಳಿಯುವುದು ಮೇಜಿನ ಮೇಲೆಯೇ.

ಸರಿಯಿರುವಾಗ ಎಷ್ಟು ಬರಬೇಕು

ಮೈಕಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಪ್ರೀಆಂಪಿನ ಒಂದು ಹಂತ ತೆಗೆದುಕೊಳ್ಳೋಣ. ಸಪ್ಲೈ 12 ವೋಲ್ಟ್. ಸಪ್ಲೈಯಿಂದ ಬೇಸಿಗೆ 47ಕೆ (ಕೆ ಎಂದರೆ ಸಾವಿರ ಓಂ), ಬೇಸಿನಿಂದ ಗ್ರೌಂಡಿಗೆ 10ಕೆ, ಕಲೆಕ್ಟರಿಗೆ 3.9ಕೆ, ಎಮಿಟರಿಗೆ 1ಕೆ, ಎಮಿಟರ್ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಎಲೆಕ್ಟ್ರೊಲೈಟಿಕ್ ಕೆಪಾಸಿಟರ್. ಟ್ರಾನ್ಸಿಸ್ಟರ್ ಬಿಸಿ 547, ಬೀಟಾ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್ ಕರೆಂಟ್ ಎಂಬ ಸಂಖ್ಯೆ) 200 ಎಂದಿಟ್ಟುಕೊಳ್ಳಿ.

ಬೇಸಿಗೆ ಕರೆಂಟ್ ಹೋಗುವುದೇ ಇಲ್ಲ ಎಂದಾದರೆ ಡಿವೈಡರ್ (ಸಪ್ಲೈಯನ್ನು ಪಾಲು ಮಾಡುವ 47ಕೆ, 10ಕೆ ಜೋಡಿ) ಕೊಡುವುದು 12ರಲ್ಲಿ 57ಕ್ಕೆ 10 ಪಾಲು, ಅಂದರೆ 2.1 ವೋಲ್ಟ್. ಈ ಸಂಖ್ಯೆಯನ್ನು ನೆನಪಿಡಿ, ಇಡೀ ಹುಡುಕಾಟ ಇದರ ಸುತ್ತಲೇ ತಿರುಗುತ್ತದೆ. ಡಿವೈಡರಿನ ಎರಡು ರೆಸಿಸ್ಟರುಗಳು ಪ್ಯಾರಲಲ್ ಆಗಿ ಸುಮಾರು 8.25ಕೆ. ಬೇಸ್ ಕರೆಂಟ್ ಲೆಕ್ಕಕ್ಕೆ 2.1ರಿಂದ 0.7 ಕಳೆದು, 8.25ಕೆಗೆ 201 ಕೆ (ಎಮಿಟರಿನಲ್ಲಿ ಬೇಸಿನ 201 ಪಟ್ಟು ಕರೆಂಟ್ ಹರಿಯುವುದರಿಂದ 1ಕೆಯ 201 ಪಟ್ಟು) ಕೂಡಿಸಿ ಭಾಗಿಸಬೇಕು: 6.7 ಮೈಕ್ರೋ ಆಂಪಿಯರ್. ಕಲೆಕ್ಟರ್ ಕರೆಂಟ್ ಅದರ 200 ಪಟ್ಟು, 1.34 ಮಿಲಿ ಆಂಪಿಯರ್. ಎಮಿಟರ್ 1.35, ಬೇಸ್ 2.05, ಕಲೆಕ್ಟರ್ 6.75 ವೋಲ್ಟ್. ಕಲೆಕ್ಟರ್-ಎಮಿಟರ್ 5.4. ಊಹೆಗೂ ಉತ್ತರಕ್ಕೂ ಜಗಳ ಇಲ್ಲ, ಆಕ್ಟಿವ್.

ಬೀಟಾ 400 ಎಂದು ಇದೇ ಲೆಕ್ಕ ಮತ್ತೊಮ್ಮೆ ಮಾಡಿದರೆ ಕಲೆಕ್ಟರ್ 6.65ಕ್ಕೆ ಬರುತ್ತದೆ, ಅಷ್ಟೇ. ಬೀಟಾ ಎರಡು ಪಟ್ಟಾದರೂ ಹತ್ತನೇ ಒಂದು ವೋಲ್ಟಿನ ವ್ಯತ್ಯಾಸ. ಅಂದರೆ ಇಂಥ ಸರ್ಕ್ಯೂಟಿನಲ್ಲಿ ಕಲೆಕ್ಟರ್ ಒಂದೆರಡು ವೋಲ್ಟ್ ಆಚೀಚೆ ಹೋಗಿದ್ದರೆ "ಬೀಟಾ ಕಡಿಮೆಯಾಗಿರಬೇಕು" ಎಂಬ ಮಾತಿಗೆ ಆಧಾರ ಇಲ್ಲ. ಬೇರೇನೋ ಕೆಟ್ಟಿದೆ.

ಬೇಸ್ 2.1 ದಾಟಿದರೆ

ಗ್ರೌಂಡ್ ಕಡೆಯ 10ಕೆ ರೆಸಿಸ್ಟರಿನ ಕಾಲಿಗೆ ಹಸಿರು ಕಿಲುಬು ಹಿಡಿದು ಸಂಪರ್ಕ ಬಿಟ್ಟಿದೆ ಎಂದುಕೊಳ್ಳಿ. ಕರಾವಳಿಯಲ್ಲಿ ಅಪರೂಪದ ದೋಷ ಅಲ್ಲ. ಆಕ್ಟಿವ್ ಎಂದು ಊಹಿಸಿ ಲೆಕ್ಕ ಹಾಕಿದರೆ ಬೇಸ್ ಕರೆಂಟ್ 45 ಮೈಕ್ರೋ ಆಂಪಿಯರ್, ಕಲೆಕ್ಟರ್ ಕರೆಂಟ್ 9 ಮಿಲಿ ಆಂಪಿಯರ್, 3.9ಕೆ ಮೇಲೆ 35 ವೋಲ್ಟ್ ಬೀಳಬೇಕು. ಸಪ್ಲೈ ಇರುವುದೇ 12. ಇಲ್ಲಿಗೆ ಊಹೆ ಮುರಿಯಿತು, ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ನಲ್ಲಿದೆ.

ಈಗ ಕಲೆಕ್ಟರ್-ಎಮಿಟರ್ 0.2 ಎಂದು ಹಿಡಿದು ಬೀಟಾವನ್ನು ಪೂರ್ತಿ ಬಿಟ್ಟು ಲೆಕ್ಕ ಮಾಡಬೇಕು. ಎಮಿಟರ್ 2.56, ಬೇಸ್ 3.26, ಕಲೆಕ್ಟರ್ 2.76 ವೋಲ್ಟ್ ಬರುತ್ತದೆ. ಕಲೆಕ್ಟರ್ ಕರೆಂಟ್ 2.37 ಮಿಲಿ ಆಂಪಿಯರ್, ಬೇಸ್ ಕರೆಂಟ್ 0.186 ಮಿಲಿ ಆಂಪಿಯರ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 13ರ ಹತ್ತಿರ. ಟ್ರಾನ್ಸಿಸ್ಟರ್ 200 ಪಟ್ಟು ಕೊಡಬಲ್ಲದು, ಸರ್ಕ್ಯೂಟ್ ತೆಗೆದುಕೊಳ್ಳುತ್ತಿರುವುದು 13 ಪಟ್ಟು. ಭಾಗಲಬ್ಧ ಬೀಟಾಕ್ಕಿಂತ ಕಡಿಮೆ ಬಂದರೆ ಸ್ಯಾಚುರೇಶನ್ ಖಚಿತ.

ಕಲೆಕ್ಟರಿನ ಅಳತೆಯನ್ನು ಇನ್ನೊಮ್ಮೆ ನೋಡಿ: 2.76 ವೋಲ್ಟ್. ಸ್ಯಾಚುರೇಶನ್ ಎಂದರೆ ಕಲೆಕ್ಟರ್ 0.2ಕ್ಕೆ ಇಳಿಯಬೇಕು ಎಂದು ಕಾಯುತ್ತಾ ಕುಳಿತವರಿಗೆ ಇದು ಆಕ್ಟಿವ್ ಎಂದೇ ಕಾಣುತ್ತದೆ. ಎಮಿಟರಿನಲ್ಲಿ ರೆಸಿಸ್ಟರ್ ಇರುವಾಗ ಗ್ರೌಂಡಿನಿಂದ ಅಳೆದ ಕಲೆಕ್ಟರ್ ವೋಲ್ಟೇಜ್ ಒಂದನ್ನೇ ನಂಬಬಾರದು. ಕಳೆಯುವ ಲೆಕ್ಕವನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಬೇಸ್ ಕಲೆಕ್ಟರಿಗಿಂತ ಅರ್ಧ ವೋಲ್ಟ್ ಮೇಲಿರುವುದೂ ಇಲ್ಲಿ ಒಳ್ಳೆಯ ಸಾಕ್ಷಿ, ಆಕ್ಟಿವ್‌ನಲ್ಲಿ ಹಾಗಾಗುವುದಿಲ್ಲ.

ಬೇಸನ್ನು 2.1ಕ್ಕಿಂತ ಮೇಲೆ ಎತ್ತಬಲ್ಲವು ಇನ್ನೂ ಎರಡಿವೆ. ಟ್ರಾನ್ಸಿಸ್ಟರಿನೊಳಗೆ ಬೇಸ್-ಕಲೆಕ್ಟರ್ ಶಾರ್ಟ್ ಆಗಿದ್ದರೆ ಬೇಸ್ ಮತ್ತು ಕಲೆಕ್ಟರ್ ಎರಡೂ 2.9ರ ಹತ್ತಿರ ಒಂದೇ ಅಳತೆ ತೋರಿಸುತ್ತವೆ, ಎಮಿಟರ್ ಅದಕ್ಕಿಂತ 0.7 ಕೆಳಗೆ. ಇನ್ನೊಂದು ಹಿಂದಿನ ಹಂತದಿಂದ ಸಿಗ್ನಲ್ ಮಾತ್ರ ದಾಟಿಸಿ ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್. ಹಳೆಯ ಎಲೆಕ್ಟ್ರೊಲೈಟಿಕ್ ಲೀಕ್ ಆಗಿ ಹಿಂದಿನ ಕಲೆಕ್ಟರಿನ ಡಿಸಿಯನ್ನು ಈ ಬೇಸಿಗೆ ತಳ್ಳುತ್ತದೆ. ಅದರ ಒಂದು ಕಾಲು ಎತ್ತಿ ನೋಡಿ, ಬೇಸ್ 2.05ಕ್ಕೆ ಇಳಿದರೆ ಕಳ್ಳ ಸಿಕ್ಕಿದ.

ಬೇಸ್ 2.1ರಿಂದ ಬಹಳ ಇಳಿದರೆ

ಬೇಸ್ 0.7, ಎಮಿಟರ್ ಸೊನ್ನೆ, ಕಲೆಕ್ಟರ್ 0.2 ಬಂದರೆ ಎಮಿಟರಿನ ಕೆಪಾಸಿಟರ್ ಶಾರ್ಟ್. 1ಕೆ ರೆಸಿಸ್ಟರ್ ಲೆಕ್ಕದಿಂದ ಹೋಯಿತು, ಬೇಸ್ ಕರೆಂಟ್ 0.17 ಮಿಲಿ ಆಂಪಿಯರಿಗೆ ಏರಿತು, ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ಗೆ ಬಿತ್ತು. ಟ್ರಾನ್ಸಿಸ್ಟರ್ ಬದಲಾಯಿಸಿದರೆ ಹೊಸದೂ ಅಲ್ಲಿಗೇ ಬೀಳುತ್ತದೆ.

ಇದನ್ನೇ ಹೋಲುವ ಇನ್ನೊಂದು ಅಳತೆ ಉಂಟು: ಬೇಸ್ 0.85, ಎಮಿಟರ್ 0.15, ಕಲೆಕ್ಟರೂ ಎಮಿಟರಿನ ಹತ್ತಿರಕ್ಕೇ ಇಳಿದಿದೆ. ಅದು ಕಲೆಕ್ಟರಿನ 3.9ಕೆ ಓಪನ್ ಆದಾಗ, ಅಂದರೆ ಸಂಪರ್ಕ ಕಡಿದಾಗ, ಬರುವುದು. ಕಲೆಕ್ಟರಿಗೆ ಕರೆಂಟ್ ಬರುವ ದಾರಿ ಇಲ್ಲ, ಎಮಿಟರಿಗೆ ಹೋಗುವುದೆಲ್ಲ ಬೇಸಿನ ಕರೆಂಟೇ. ಎರಡರಲ್ಲೂ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ನಲ್ಲೇ ಇದೆ. ವ್ಯತ್ಯಾಸ ತಿಳಿಯುವುದು ಎಮಿಟರಿನ ಆ 0.15ರಿಂದ. ಮೀಟರನ್ನು ಸಣ್ಣ ರೇಂಜಿಗೆ ತಂದು ನೋಡಿ.

ಮೇಲಿನ 47ಕೆ ಓಪನ್ ಆದರೆ ಬೇಸ್ ಸೊನ್ನೆ, ಎಮಿಟರ್ ಸೊನ್ನೆ, ಕಲೆಕ್ಟರ್ 12, ಶುದ್ಧ ಕಟಾಫ್. ಪೂರ್ತಿ ಓಪನ್ ಆಗದೆ ಬೆಲೆ ಏರಿ 150ಕೆ ಆಗಿದ್ದರೆ ಬೇಸ್ 0.75ರ ಸುತ್ತ ನಿಂತು ಟ್ರಾನ್ಸಿಸ್ಟರ್ ಕಟಾಫ್‌ನ ಅಂಚಿನಲ್ಲಿ ಇರುತ್ತದೆ. ಆಗಲೇ ಭಾಗವತರ ಸ್ವರ ಒಡೆಯುವುದು: ಸಿಗ್ನಲಿನ ಒಂದು ಅರ್ಧ ದಾಟಿ ಹೋಗುತ್ತದೆ, ಇನ್ನೊಂದು ಅರ್ಧಕ್ಕೆ ಕರೆಂಟೇ ಇಲ್ಲ.

ರೆಸಿಸ್ಟರನ್ನು ಬೋರ್ಡಿನಲ್ಲೇ ಅಳೆಯುವವರಿಗೆ ಒಂದು ಮಾತು. ಸಪ್ಲೈ ತೆಗೆದು, ಕೆಪಾಸಿಟರುಗಳು ಖಾಲಿಯಾದ ಮೇಲೆ ಅಳೆಯಿರಿ. ಬಣ್ಣದ ಪಟ್ಟಿ ಹೇಳುವುದಕ್ಕಿಂತ ಕಡಿಮೆ ತೋರಿಸಿದರೆ ಗಾಬರಿ ಬೇಡ, ಅಕ್ಕಪಕ್ಕದ ದಾರಿಗಳು ಸೇರಿ ಹಾಗೆ ತೋರಿಸುತ್ತವೆ. ಪಟ್ಟಿಯ ಬೆಲೆಗಿಂತ ಹೆಚ್ಚು ತೋರಿಸಿದರೆ ಮಾತ್ರ ಆ ರೆಸಿಸ್ಟರ್ ಹೋಗಿದೆ, ಸಂಶಯ ಬೇಡ.

ಯಾವ ವಲಯಕ್ಕೂ ಸೇರದ ಅಳತೆ

ಬೇಸ್ 2.1, ಎಮಿಟರ್ 0, ಕಲೆಕ್ಟರ್ 12. ಬೇಸ್-ಎಮಿಟರ್ ನಡುವೆ 2.1 ವೋಲ್ಟ್! ಜೀವ ಇರುವ ಸಿಲಿಕಾನ್ ಜಂಕ್ಷನ್ ಈ ಕರೆಂಟಿನಲ್ಲಿ 0.7ರ ಆಚೆ ಹೋಗುವುದಿಲ್ಲ. ಒಳಗೆ ಬೇಸ್-ಎಮಿಟರ್ ಓಪನ್. ಕಲೆಕ್ಟರ್, ಎಮಿಟರ್ ಎರಡೂ 2.45ರಲ್ಲಿ ನಿಂತು ಬೇಸ್ ಅವುಗಳಿಗಿಂತ ಕೆಳಗೆ 2.1ರಲ್ಲಿದ್ದರೆ ಕಲೆಕ್ಟರ್-ಎಮಿಟರ್ ಶಾರ್ಟ್: ಬೇಸ್ ನೋಡಿದರೆ ಕಟಾಫ್, ಕಲೆಕ್ಟರ್ ನೋಡಿದರೆ ಸ್ಯಾಚುರೇಶನ್, ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಬೇಸ್ ಮತ್ತು ಎಮಿಟರ್ ಎರಡೂ 0.23, ಕಲೆಕ್ಟರ್ 12 ಇದ್ದರೆ ಬೇಸ್-ಎಮಿಟರ್ ಶಾರ್ಟ್. ಮೊದಲು ಹೇಳಿದ ಬೇಸ್-ಕಲೆಕ್ಟರ್ ಶಾರ್ಟನ್ನೂ ಸೇರಿಸಿ, ಟ್ರಾನ್ಸಿಸ್ಟರನ್ನು ಕಳಚಲು ನ್ಯಾಯವಾದ ಕಾರಣ ಸಿಗುವುದು ಇಂಥ ಅಳತೆಗಳಿಂದ ಮಾತ್ರ.

ಮೀಟರೇ ಮೋಸ ಮಾಡುವ ಸಂದರ್ಭ ಒಂದುಂಟು. ಎಮಿಟರಿನ 1ಕೆ ಓಪನ್ ಆದಾಗ ಎಮಿಟರಿಗೆ ಮೀಟರ್ ಇಟ್ಟರೆ ಸೊನ್ನೆ ಬರುವುದಿಲ್ಲ, 1.6ರಿಂದ 1.7 ವೋಲ್ಟ್ ತೋರಿಸುತ್ತದೆ. ಡಿಜಿಟಲ್ ಮೀಟರಿನ ಒಳಗಿನ 10 ಮೆಗಾ ಓಂ ಆ ಹೊತ್ತಿಗೆ ಎಮಿಟರ್ ರೆಸಿಸ್ಟರಿನ ಕೆಲಸ ಮಾಡುತ್ತಿರುತ್ತದೆ. ಎಮಿಟರಿನಲ್ಲಿ ವೋಲ್ಟೇಜ್ ಇದೆ, ಕರೆಂಟ್ ಹರಿಯುತ್ತಿದೆ ಎಂದು ನಂಬಿ ಹುಡುಕಾಟ ದಾರಿ ತಪ್ಪುವುದು ಇಲ್ಲೇ. ಕಲೆಕ್ಟರ್ 12ರಲ್ಲಿ ನಿಂತಿದೆಯೇ ನೋಡಿ. 3.9ಕೆ ಮೇಲೆ ಏನೂ ಬೀಳದಿದ್ದರೆ ಕಲೆಕ್ಟರಿನಲ್ಲಿ ಕರೆಂಟ್ ಇಲ್ಲ, ಎಮಿಟರ್ ಏನೇ ಹೇಳಲಿ.

547ರ ನಂತರದ ಅಕ್ಷರ

ಕೆಲವು ಅಗ್ಗದ ಪ್ರೀಆಂಪುಗಳಲ್ಲಿ ಡಿವೈಡರ್ ಇರುವುದಿಲ್ಲ. ಸಪ್ಲೈಯಿಂದ ಬೇಸಿಗೆ ಒಂದು ಮೆಗಾ ಓಂ, ಕಲೆಕ್ಟರಿಗೆ 4.7ಕೆ, ಎಮಿಟರ್ ನೇರ ಗ್ರೌಂಡಿಗೆ. ಇಲ್ಲಿ ಟ್ರಾನ್ಸಿಸ್ಟರ್ ಬದಲಾಯಿಸುವುದೇ ಹೊಸ ದೋಷ ತರಬಹುದು. ಬೇಸ್ ಕರೆಂಟ್ 11.3 ಮೈಕ್ರೋ ಆಂಪಿಯರ್ ಎಂದು ನಿಗದಿಯಾಗಿದೆ. 4.7ಕೆ ಬಿಡುವ ಗರಿಷ್ಠ ಕರೆಂಟ್ 2.5 ಮಿಲಿ ಆಂಪಿಯರ್. ಭಾಗಿಸಿದರೆ 222. ಬೀಟಾ ಅದಕ್ಕಿಂತ ಹೆಚ್ಚಿರುವ ಯಾವ ಟ್ರಾನ್ಸಿಸ್ಟರ್ ಹಾಕಿದರೂ ಸ್ಯಾಚುರೇಶನ್.

ಬಿಸಿ 547 ಎ ಗುಂಪಿನ ಬೀಟಾ 110ರಿಂದ 220, ಬಿ ಗುಂಪಿನದು 200ರಿಂದ 450, ಸಿ ಗುಂಪಿನದು 420ರಿಂದ 800. ಎ ಇದ್ದಲ್ಲಿ, ಬೀಟಾ 150 ಆಗಿದ್ದಾಗ, ಕಲೆಕ್ಟರ್ 4 ವೋಲ್ಟಿನಲ್ಲಿ ಚಂದ ಕೆಲಸ ಮಾಡುತ್ತಿತ್ತು. ಅಲ್ಲಿಗೆ ಸಿ ಬಂದರೆ ಸ್ವರ ಸತ್ತಿತು. ಅಂಗಡಿಯಲ್ಲಿ ಕೇಳಿದರೆ "547 ಅಲ್ವಾ ಮಾರಾಯ್ರೆ, ಎಲ್ಲ ಒಂದೇ" ಎನ್ನುತ್ತಾರೆ. ಡಿವೈಡರ್ ಇರುವ ಸರ್ಕ್ಯೂಟಿಗೆ ಅವರ ಮಾತು ಸರಿ, ಇದಕ್ಕೆ ಅಲ್ಲ. ಅಕ್ಷರ ಸಿಗದಿದ್ದರೆ ಬೇಸ್ ರೆಸಿಸ್ಟರ್ ಬದಲಾಯಿಸಿ: ಬೀಟಾ 500ಕ್ಕೆ 4.7 ಮೆಗಾ ಓಂ ಹಾಕಿದರೆ ಕಲೆಕ್ಟರ್ 6.3ರ ಸುತ್ತ ಬಂದು ನಿಲ್ಲುತ್ತದೆ.

ಟಾಂಕಿಯ ಪೆಟ್ಟಿಗೆ

ಇಲ್ಲಿ ಬೇಕಾದದ್ದು ಪೂರಾ ಬೇರೆ. ಪ್ರೀಆಂಪಿನಲ್ಲಿ ಆಕ್ಟಿವ್ ಆರೋಗ್ಯ. ರಿಲೇ (ಕರೆಂಟ್ ಹರಿದಾಗ ಪಂಪಿನ ಸ್ವಿಚ್ಚನ್ನು ಎಳೆಯುವ ಭಾಗ) ನಡೆಸುವ ಟ್ರಾನ್ಸಿಸ್ಟರಿಗೆ ಆಕ್ಟಿವ್ ಎಂದರೆ ರೋಗ. ಅದು ಒಂದೋ ಪೂರ್ತಿ ಕಟಾಫ್, ಇಲ್ಲವೇ ಪೂರ್ತಿ ಸ್ಯಾಚುರೇಶನ್ ಆಗಿರಬೇಕು.

ಸಾದಾ ಸರ್ಕ್ಯೂಟಿನಲ್ಲಿ 12 ವೋಲ್ಟ್ ಒಂದು ಕಡ್ಡಿಯ ಮೂಲಕ ನೀರಿಗೆ ಇಳಿಯುತ್ತದೆ. ನೀರು ಮೇಲಿನ ಕಡ್ಡಿಗೆ ಮುಟ್ಟಿದಾಗ 10ಕೆ ಮೂಲಕ ಬೇಸಿಗೆ ಕರೆಂಟ್ ಬಂದು, 400 ಓಮಿನ ರಿಲೇ ಎಳೆದು ಪಂಪು ನಿಲ್ಲುತ್ತದೆ. ರಿಲೇಯ ಕಾಯಿಲಿಗೆ (ಒಳಗಿನ ತಂತಿ ಸುರುಳಿಗೆ) 30 ಮಿಲಿ ಆಂಪಿಯರ್ ಬೇಕು. ನೀರಿನ ದಾರಿ 40ಕೆ ಇದ್ದರೆ ಬೇಸ್ ಕರೆಂಟ್ 0.226 ಮಿಲಿ ಆಂಪಿಯರ್, 200 ಪಟ್ಟು ಮಾಡಿದರೆ 45, ಸಾಕಷ್ಟಾಯಿತು. ನೀರಿನ ದಾರಿ 150ಕೆ ಆದರೆ 70 ಮೈಕ್ರೋ ಆಂಪಿಯರ್, ಕಲೆಕ್ಟರಿನಲ್ಲಿ 14 ಮಿಲಿ ಆಂಪಿಯರ್. ಕಾಯಿಲಿಗೆ ಸಿಗುವುದು 5.6 ವೋಲ್ಟ್, ಉಳಿದ 6.4 ಟ್ರಾನ್ಸಿಸ್ಟರಿನ ಮೇಲೆ. ಆಕ್ಟಿವ್. ರಿಲೇ ಎಳೆಯುವುದಿಲ್ಲ, ಟಾಂಕಿ ತುಂಬಿ ಹರಿಯುತ್ತದೆ.

ನೀರಿನ ದಾರಿ ಬದಲಾಗುವುದೇಕೆ? ನೀರಿನಲ್ಲಿ ಕರಗಿದ ಉಪ್ಪು ಕಡಿಮೆಯಾದಷ್ಟು ಕರೆಂಟ್ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಕಡಲ ಹತ್ತಿರದ ಬಾವಿಗಳಿಗೆ ಉಪ್ಪುನೀರು ನುಗ್ಗಿದಾಗ ಚೆನ್ನಾಗಿ ನಡೆದ ಪೆಟ್ಟಿಗೆ ಮಳೆ ನೀರು ಸೇರಿದ ಮೇಲೆ ಮುಷ್ಕರ ಹೂಡಬಹುದು. ಕಡ್ಡಿಯಲ್ಲಿ ಡಿಸಿ ಹರಿಯುವುದರಿಂದ ಪಾಸಿಟಿವ್ ಕಡ್ಡಿ ಬೇಗ ಸವೆಯುತ್ತದೆ, ಅದೂ ಕಾರಣ. ಸ್ಟೇನ್‌ಲೆಸ್ ಕಡ್ಡಿ ಹಾಕಿ, ಒಂದು ಟ್ರಾನ್ಸಿಸ್ಟರಿನ ಬದಲು ಎರಡನ್ನು ಡಾರ್ಲಿಂಗ್‌ಟನ್ ಜೋಡಿಯಾಗಿ (ಒಂದರ ಎಮಿಟರ್ ಇನ್ನೊಂದರ ಬೇಸಿಗೆ) ಕಟ್ಟಿ. ಡಾರ್ಲಿಂಗ್‌ಟನ್ ಪೂರ್ತಿ ಆನ್ ಆದಾಗಲೂ ಕಲೆಕ್ಟರ್-ಎಮಿಟರ್ 0.7ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅದನ್ನು ದೋಷ ಎಂದುಕೊಳ್ಳಬೇಡಿ.

ಮಳೆಗಾಲದ ಇನ್ನೊಂದು ದೋಷ ಇದಕ್ಕೆ ತಿರುಗಾಮುರುಗ. ನೀರು ಇಳಿದರೂ ರಿಲೇ ಬಿಡುವುದಿಲ್ಲ, ಪಂಪು ಹೊರಡುವುದಿಲ್ಲ. ಅಳೆದರೆ ಬೇಸ್ 0.6, ಕಲೆಕ್ಟರ್ 10.6. ಕಲೆಕ್ಟರ್ 12ರ ಹತ್ತಿರ ಇದೆಯಲ್ಲ, ಕಟಾಫ್ ಎಂದು ಬಿಟ್ಟುಬಿಡುವವರೇ ಹೆಚ್ಚು. ಬೇಸಿನ 0.6 ಬೇರೆಯೇ ಹೇಳುತ್ತದೆ. ಟೆರೇಸಿನಿಂದ ಬರುವ ವಯರಿನ ಕನೆಕ್ಟರಿನಲ್ಲಿ ತೇವ ಕುಳಿತು ಒಂದು ಮೆಗಾ ಓಮಿನಷ್ಟು ದಾರಿ ಮಾಡಿಕೊಂಡಿದೆ. ಅದರಲ್ಲಿ ಬರುವ 11 ಮೈಕ್ರೋ ಆಂಪಿಯರ್, ಬೀಟಾ 300 ಇದ್ದರೆ, ಕಾಯಿಲಿನಲ್ಲಿ 3.4 ಮಿಲಿ ಆಂಪಿಯರ್ ಆಗುತ್ತದೆ. ಬಿಟ್ಟ ರಿಲೇಯನ್ನು ಎಳೆಯಲು ಇದು ಏನೇನೂ ಸಾಲದು, ಆದರೆ ಎಳೆದ ರಿಲೇಯನ್ನು ಹಿಡಿದಿಡಲು ಕೆಲವೊಮ್ಮೆ ಸಾಕು. ಬೇಸಿನಿಂದ ಎಮಿಟರಿಗೆ 22ಕೆ ಹಾಕಿ. ತೇವದ ಕರೆಂಟ್ ಅದರ ಮೇಲೆ 0.26 ವೋಲ್ಟ್ ಮಾತ್ರ ಎಬ್ಬಿಸಬಲ್ಲದು, ಟ್ರಾನ್ಸಿಸ್ಟರ್ ಕಟಾಫ್‌ಗೆ ಹೋಗುತ್ತದೆ. ನೀರು ಮುಟ್ಟಿದಾಗ ಕಳೆದುಕೊಳ್ಳುವುದು 30 ಮೈಕ್ರೋ ಆಂಪಿಯರ್ ಅಷ್ಟೇ. ಡಾರ್ಲಿಂಗ್‌ಟನ್ ಕಟ್ಟಿದವರಿಗಂತೂ ಈ ರೆಸಿಸ್ಟರ್ ಇಲ್ಲದೆ ಆಗುವುದೇ ಇಲ್ಲ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಒಣಗಿಸಿ, ವಾರ್ನಿಶ್ ಬಳಿಯಿರಿ.

ಕಾಲು ತಿರುಗಿದ್ದರೆ

ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಇಟ್ಟು ಎಡದಿಂದ ಓದಿದರೆ ಬಿಸಿ 547ಕ್ಕೆ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ಪಿಎನ್2222ಎ ಕೂಡ ಹಾಗೆಯೇ, ಆದರೆ ಪಿ2ಎನ್2222ಎ ಬಿಸಿ 547ರ ಹಾಗೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಗೇ ಇಳಿಸಿದರೆ ಎಮಿಟರ್ ಮತ್ತು ಕಲೆಕ್ಟರ್ ಅದಲು ಬದಲಾಗಿ ಟ್ರಾನ್ಸಿಸ್ಟರ್ ರಿವರ್ಸ್ ಆಕ್ಟಿವ್ ವಲಯಕ್ಕೆ ಹೋಗುತ್ತದೆ. ಪೂರ್ತಿ ಸಾಯುವುದಿಲ್ಲ, ಆದ್ದರಿಂದಲೇ ಕಂಡುಹಿಡಿಯುವುದು ಕಷ್ಟ. ಬೀಟಾ ಐದರ ಮಟ್ಟಕ್ಕೆ ಇಳಿದರೆ, ನಮ್ಮ ಪ್ರೀಆಂಪಿನಲ್ಲಿ ಬೇಸ್ 1.3ಕ್ಕೆ ಕುಸಿಯುತ್ತದೆ, ಎಮಿಟರ್ ರೆಸಿಸ್ಟರಿನ ಮೇಲೆ 0.6, ಕಲೆಕ್ಟರ್ ರೆಸಿಸ್ಟರಿನ ಕೆಳಗೆ 10. ಮೂರೂ ಅಳತೆ ಆಕ್ಟಿವ್‌ನಂತೆಯೇ ಕಾಣುತ್ತವೆ. ಗುಟ್ಟು ಹೊರಡುವುದು 2.1ರಿಂದ ಬಹಳ ಕೆಳಗೆ ಬಂದ ಬೇಸಿನಿಂದ: ಅಷ್ಟು ಬೇಸ್ ಕರೆಂಟ್ ಎಳೆಯುವ ಟ್ರಾನ್ಸಿಸ್ಟರ್ ನೇರ ಕುಳಿತಿರಲಾರದು.

ಸಂಶಯ ಬಂದರೆ ಬಿಚ್ಚಿ ಡಯೋಡ್ ರೇಂಜಿನಲ್ಲಿ ಅಳೆಯಿರಿ. ಬೇಸಿನಿಂದ ಎರಡು ಕಡೆಗೂ 0.6ರಿಂದ 0.7 ಬರುತ್ತದೆ, ಸ್ವಲ್ಪ ಹೆಚ್ಚು ತೋರಿಸುವ ಕಾಲು ಎಮಿಟರ್. ತಿರುಗಿಸಿ ಹಾಕಿದರೆ ಸರ್ಕ್ಯೂಟ್ ನಡೆಯುತ್ತದೆ. ಆದರೆ ತಲೆಕೆಳಗಾಗಿ ಕುಳಿತಿದ್ದಾಗ ಎಮಿಟರ್-ಬೇಸ್ ನಡುವೆ ಹಿಮ್ಮುಖವಾಗಿ ಎಂಟೂವರೆ ವೋಲ್ಟಿಗೂ ಹೆಚ್ಚು ಬಿದ್ದಿರುತ್ತದೆ, ಈ ಟ್ರಾನ್ಸಿಸ್ಟರುಗಳ ಮಿತಿ ಅಲ್ಲಿ 6 ವೋಲ್ಟ್. ಅಲ್ಲಿ ಬ್ರೇಕ್‌ಡೌನ್ ಆಗಿದ್ದರೆ ಬೀಟಾ ಇಳಿದು ನಾಯ್ಸ್ ಏರುತ್ತದೆ. ಅಂಥದ್ದನ್ನು ಮೈಕಿನ ಮೊದಲ ಹಂತದಲ್ಲಿ ಉಳಿಸಬೇಡಿ. ರಿಲೇ ನಡೆಸಲು ಬಳಸಿ, ಪ್ರೀಆಂಪಿಗೆ ಹೊಸದು ಹಾಕಿ.